ಹಳೇ ದೊಡ್ಡ ಗಾಡಿಯ ಲೆಕ್ಕ

ಕಳೆದ ತಿಂಗಳು ಈ ಅಂಕಣದಲ್ಲಿ ಕೆಲಸ ಬಿಡುವಾಗ ಸಿಗುವ ಸರ್ವಿಸ್ ಹಣದ ಬಗ್ಗೆ ಬರೆದಿದ್ದೆ. ಅದನ್ನು ಓದಿ ಜುಬೈಲ್‌ನಿಂದ ಒಬ್ಬರು ಫೋನ್ ಮಾಡಿದರು. ಸರ್ವಿಸ್ ಹಣದ್ದೇ ಏನೋ ಸಂಶಯ ಇರಬೇಕು ಅಂದುಕೊಂಡೆ. ಅವರು ಕೇಳಿದ್ದೇ ಬೇರೆ. "ಸಾರ್, ಎಂಟು ವರ್ಷ ಹಳೆಯ ಒಂದು ಜರ್ಮನ್ ಎಸ್‌ಯುವಿ ನಲವತ್ತು ಸಾವಿರ ರಿಯಾಲಿಗೆ ಸಿಗ್ತಾ ಉಂಟು. ಹೊಸದರಲ್ಲಿ ಮೂರು ಲಕ್ಷದ ಗಾಡಿಯಂತೆ. ತಗೊಳ್ಳಬಹುದಾ?"

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು 2023ರ ಜನವರಿಯಲ್ಲಿ ನಾನೂ ಯಾರಲ್ಲಾದರೂ ಕೇಳಬೇಕಿತ್ತು. ಕೇಳಿರಲಿಲ್ಲ. ಊರಿನವರ ಲೆಕ್ಕವೆಲ್ಲ ನೋಡುವ ಮನುಷ್ಯ, ನನ್ನ ಲೆಕ್ಕಕ್ಕೆ ಇನ್ನೊಬ್ಬ ಯಾಕೆ ಎಂಬ ಧಿಮಾಕು.

ಆಗ ನನ್ನ ಪರಿಸ್ಥಿತಿ ಹೀಗಿತ್ತು. 2017ರ ಜುಲೈಯಲ್ಲಿ ಅವಲಂಬಿತರ ಫೀ ಶುರುವಾದದ್ದು ನಿಮಗೆಲ್ಲ ನೆನಪಿರಬಹುದು. ತಲೆಗೆ ತಿಂಗಳಿಗೆ 100 ರಿಯಾಲಿನಿಂದ ಶುರುವಾಗಿ 2020ಕ್ಕೆ 400 ಆಯಿತು. ಮೂರು ತಲೆ ಲೆಕ್ಕ ಹಾಕಿ, 2018ರಲ್ಲೇ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ್ದೆ. 2023ರ ಬೇಸಿಗೆ ರಜೆಯಲ್ಲಿ ಅವರು ವಿಸಿಟ್ ವೀಸಾದಲ್ಲಿ ತಾಯಿಫ್‌ಗೆ ಬರುವವರಿದ್ದರು. ಐದು ವರ್ಷದ ಮೇಲೆ ಬರುವ ಮಕ್ಕಳನ್ನು ಹಳೇ ಸಣ್ಣ ಕಾರಿನಲ್ಲಿ ಜಿದ್ದಾ ಏರ್‌ಪೋರ್ಟಿನಿಂದ ಕರೆತರುವುದು ಹೇಗೆ? ಹೀಗೆ ಹೇಳಿದರೆ ಕೇಳಲಿಕ್ಕೆ ಚಂದ. ನಿಜ ಹೇಳುವುದಾದರೆ, ಆಫೀಸಿನ ಮುಂದೆ ಆ ಗಾಡಿ ನಿಲ್ಲಿಸಿ ಇಳಿಯುವಾಗ ನಾಲ್ಕು ಜನ ನೋಡಬೇಕು ಎಂಬ ಆಸೆಯೂ ಇತ್ತು.

ಗಾಡಿ ಯಾವ ಕಂಪನಿಯದ್ದು ಎಂದು ಬರೆಯುವುದಿಲ್ಲ. ಹರಾಜಿನಲ್ಲಿ 38,000 ರಿಯಾಲಿಗೆ ಸಿಕ್ಕಿತು. ನನ್ನ ಕೈಯಲ್ಲಿ ಇದ್ದದ್ದು 18,000. ಉಳಿದ 20,000 ಎಲ್ಲಿಂದ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ, ಅದೇ ಈ ಲೇಖನದ ಕಷ್ಟದ ಭಾಗ.

ಮೊದಲ ಎರಡು ತಿಂಗಳು ಸ್ವರ್ಗ. ಹದಾ ಘಾಟಿಯನ್ನು ನೀವು ಹತ್ತಿದ್ದರೆ ಗೊತ್ತಿರುತ್ತದೆ, ಕೆಳಗಿನ ಸೆಕೆಯಿಂದ ಎರಡು ಸಾವಿರ ಮೀಟರಿನ ಹತ್ತಿರಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಏರುತ್ತದೆ. 93 ತಿರುವು ಎನ್ನುತ್ತಾರೆ, ನಾನು ಎಣಿಸಲಿಲ್ಲ. ನಮ್ಮ ಚಾರ್ಮಾಡಿಯಲ್ಲಿ ಮರ, ಮಂಜು, ಜಲಪಾತ. ಇಲ್ಲಿ ಬರೀ ಕಲ್ಲು ಮತ್ತು ಮಂಗಗಳು. ಆ ಏರಿನಲ್ಲಿ ಹಳೇ ಕಾರು ಉಬ್ಬಸ ಬಂದವರ ಹಾಗೆ ಏದುಸಿರು ಬಿಡುತ್ತಿತ್ತು. ಇದು ಮಾತ್ರ ಚಪ್ಪಟೆ ರಸ್ತೆಯಲ್ಲಿ ಹೋದ ಹಾಗೆ. ಟರ್ಬೋ ಇರುವ ಇಂಜಿನಿಗೆ ಎತ್ತರದ ತೆಳು ಗಾಳಿ ಅಷ್ಟು ಬಾಧಿಸುವುದಿಲ್ಲ. ಮಕ್ಕಳು ಬಂದಾಗ ಮೇಲಿನ ಗಾಜಿನ ಸೂರು ತೆರೆದು ಆಕಾಶ ನೋಡುತ್ತಾ ಬಂದರು. ಹೆಂಡತಿ ಮಾತ್ರ ಸೀಟಿನ ತೊಗಲನ್ನು ಒಮ್ಮೆ ಮುಟ್ಟಿ, "ಇದಕ್ಕೆ ಎಷ್ಟಾಯ್ತು?" ಎಂದಳು. ನಾನು ಸ್ವಲ್ಪ ಕಡಿಮೆ ಹೇಳಿದೆ. ಅವಳು ನಂಬಲಿಲ್ಲ, ಆದರೆ ಮಕ್ಕಳೆದುರು ಏನೂ ಹೇಳಲಿಲ್ಲ.

ಅವರು ಹೋದ ಮೇಲೆ ಜುಲೈಯಲ್ಲಿ ಒಂದು ದಿನ ಬೆಳಿಗ್ಗೆ ನೋಡುತ್ತೇನೆ, ಗಾಡಿಯ ಮುಂದಿನ ಎಡಭಾಗ ಕುಸಿದಿದೆ. ಕಾಲು ಮಡಿಸಿ ಕೂತ ಒಂಟೆಯ ಹಾಗೆ. ಸ್ಟಾರ್ಟ್ ಮಾಡಿದ ಎರಡು ನಿಮಿಷಕ್ಕೆ ತಾನಾಗಿ ಎದ್ದು ನಿಂತಿತು. ಎದ್ದಿತಲ್ಲ, ಸಾಕು ಎಂದು ಬಿಟ್ಟೆ.

ಇಲ್ಲಿ ಸ್ವಲ್ಪ ವಿವರ ಹೇಳಬೇಕು, ಈ ಜಾತಿಯ ಗಾಡಿ ತಗೊಳ್ಳುವವರಿಗೆ ಇದು ಗೊತ್ತಿರಬೇಕು. ಇಂಥ ಹಲವು ಗಾಡಿಗಳಲ್ಲಿ ಕಬ್ಬಿಣದ ಸ್ಪ್ರಿಂಗ್ ಇರುವುದಿಲ್ಲ. ರಬ್ಬರಿನ ಗಾಳಿಚೀಲಗಳು ಗಾಡಿಯನ್ನು ಹೊರುತ್ತವೆ, ಅದಕ್ಕೆ ಗಾಳಿ ತುಂಬಲು ಒಂದು ಸಣ್ಣ ಕಂಪ್ರೆಸರ್. ಏಳೆಂಟು ವರ್ಷದ ಬಿಸಿಲಿಗೆ ಮಡಿಕೆ ಬೀಳುವಲ್ಲಿ ರಬ್ಬರ್ ಬಿರಿಯುತ್ತದೆ. ರಾತ್ರಿಯಿಡೀ ಗಾಳಿ ಸೋರುತ್ತದೆ, ಬೆಳಿಗ್ಗೆ ಕಂಪ್ರೆಸರ್ ಮತ್ತೆ ತುಂಬುತ್ತದೆ. ಸ್ವಲ್ಪ ಹೊತ್ತು ಮಾತ್ರ ಓಡಲಿಕ್ಕೆ ಮಾಡಿದ ಆ ಬಡಪಾಯಿ ಕಂಪ್ರೆಸರ್ ಸೋರಿಕೆಯಿಂದಾಗಿ ದಿನವಿಡೀ ಓಡಿ ಸುಟ್ಟುಹೋಗುತ್ತದೆ. ಮೊದಲ ದಿನವೇ ಹೋಗಿದ್ದರೆ ಒಂದು ಚೀಲಕ್ಕೆ 1,400 ರಿಯಾಲಿನಲ್ಲಿ ಮುಗಿಯುತ್ತಿತ್ತು. ಬರುವ ಸಂಬಳಕ್ಕೆ ನೋಡುವಾ ಎಂದು ತಳ್ಳಿದೆ. ಆಗಸ್ಟ್ ಕೊನೆಗೆ ಸನಾಇಯದ ಸುಡಾನಿ ಮೆಕ್ಯಾನಿಕ್ ಕೊಟ್ಟ ಬಿಲ್ಲು: ಎರಡು ಚೀಲ, ಕಂಪ್ರೆಸರ್, ಕೂಲಿ ಸೇರಿ 6,200. ಅದೂ ಕಂಪನಿಯ ಮಾಲಲ್ಲ. ಏಜೆನ್ಸಿಯಲ್ಲಿ ವಿಚಾರಿಸಿದ್ದೆ, ಅಲ್ಲಿ 11,000 ಮತ್ತು ಮೇಲೆ ಶೇ. 15 ವ್ಯಾಟ್.

ಅಲ್ಲಿ ಕೂತಾಗ ನನಗೆ ಬಿಕಾಂ ಕ್ಲಾಸಿನ ಡಿಪ್ರಿಸಿಯೇಶನ್ ಪಾಠ ನೆನಪಾಯಿತು. ಸ್ಟ್ರೈಟ್ ಲೈನ್, ರಿಟನ್ ಡೌನ್ ವ್ಯಾಲ್ಯೂ ಎಂದು ಕಲಿತದ್ದೇ ಕಲಿತದ್ದು. ಯಂತ್ರದ ಬೆಲೆ ವರ್ಷವರ್ಷ ಇಳಿಸುತ್ತಾ ಬರುವುದು. ಮೂರು ಲಕ್ಷದ್ದು ಮೂವತ್ತೆಂಟು ಸಾವಿರಕ್ಕೆ ಇಳಿದದ್ದು ಹಾಗೆ. ಆದರೆ ಸ್ಪೇರ್ ಪಾರ್ಟಿಗೆ ಡಿಪ್ರಿಸಿಯೇಶನ್ ಇಲ್ಲ ಮಾರಾಯ್ರೆ! ಅದು ಇವತ್ತಿಗೂ ಮೂರು ಲಕ್ಷದ ಗಾಡಿಯ ಪಾರ್ಟೇ. ನಾನು ಕೊಂಡದ್ದು ಮೂವತ್ತೆಂಟು ಸಾವಿರದ ಗಾಡಿ ಅಲ್ಲ, ಮೂರು ಲಕ್ಷದ ಗಾಡಿಯ ಕೊನೆಯ ಭಾಗ. ಮೊದಲ ಧಣಿ ಗ್ಯಾರಂಟಿ ಇದ್ದಷ್ಟು ದಿನ ಓಡಿಸಿ, ಖರ್ಚು ಬರುವ ಹೊತ್ತಿಗೆ ಕೈತೊಳೆದುಕೊಂಡಿದ್ದ. ಅದು ಅವನ ತಪ್ಪಲ್ಲ, ಅವನ ಲೆಕ್ಕ ಸರಿ ಇತ್ತು. ಇದೇ ಊರಿನಲ್ಲಿ ಅಷ್ಟೇ ಹಳೆಯ ಲ್ಯಾಂಡ್ ಕ್ರೂಸರ್ ಅಷ್ಟು ಅಗ್ಗಕ್ಕೆ ಸಿಗುವುದಿಲ್ಲ ಯಾಕೆ ಎಂದು ನಾನು ಆಗಲೇ ಯೋಚಿಸಬೇಕಿತ್ತು.

ಈಗ ಆ 20,000ದ ವಿಷಯ. ನಮ್ಮಲ್ಲಿ ಇಪ್ಪತ್ತು ಜನರ ಒಂದು ಚೀಟಿ ಇತ್ತು, ತಿಂಗಳಿಗೆ ಸಾವಿರ. 2023ರ ಜನವರಿಯಲ್ಲಿ ಶುರು. ಚೀಟಿ ಎತ್ತಿ ನಂಬರ್ ಹಾಕಿದಾಗ ಎರಡನೇ ತಿಂಗಳು ಬಂಟ್ವಾಳ ಕಡೆಯ ಒಬ್ಬ ಹುಡುಗನಿಗೆ ಬಂತು, ಟೈಲ್ಸ್ ಕೆಲಸದವ, ನಮ್ಮ ಪಕ್ಕದ ರೂಮು. ನನಗೆ ಬಂದದ್ದು ಹದಿನೈದನೇ ತಿಂಗಳು. ನಾನು ಅವನಲ್ಲಿ ಕೇಳಿದೆ, ಅದಲು ಬದಲು ಮಾಡಿಕೊಳ್ಳುವಾ ಎಂದು. ತಂಗಿಯ ಮದುವೆಗೆಂದು ಸೇರಿದ್ದ, ಮದುವೆ ಇನ್ನೂ ಕೂಡಿ ಬಂದಿರಲಿಲ್ಲ. "ನಿಮಗೆ ಅರ್ಜೆಂಟ್ ಇದ್ರೆ ತಗೊಳ್ಳಿ ಸಾರ್" ಎಂದ. ಏನು ಅರ್ಜೆಂಟ್ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನ ಇಕಾಮದ ತಕರಾರು, ಊರಿನ ಬ್ಯಾಂಕಿನ ಫಾರ್ಮು ಎಲ್ಲ ತುಂಬಿಕೊಡುವವ ನಾನು. ನಾನು ಕೇಳಿದರೆ ಅವನು ಇಲ್ಲ ಎನ್ನುವ ಹಾಗಿರಲಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು.

ಸೆಪ್ಟೆಂಬರಿನಲ್ಲಿ ಊರಿನಿಂದ ಫೋನ್ ಬಂತು, ಅವನ ಅಪ್ಪನಿಗೆ ಎದೆನೋವು, ಸ್ಟೆಂಟ್ ಹಾಕಬೇಕು. ಆಗಿನ ದರದಲ್ಲಿ 20,000 ರಿಯಾಲ್ ಎಂದರೆ ನಾಲ್ಕು ಲಕ್ಷ ರೂಪಾಯಿ ಮೀರಿ. ಆ ಹಣ ಅವನ ಹೆಸರಿನಲ್ಲಿ ಊರಿನ ಬ್ಯಾಂಕಿನಲ್ಲಿ ಇರಬೇಕಾಗಿತ್ತು.

ಅದೇ ವಾರ ನಾನು ಜಿದ್ದಾದಿಂದ ಬರುವಾಗ ಹದಾ ಏರಿನಲ್ಲಿ ಗಾಡಿಯ ಬಿಸಿ ಮುಳ್ಳು ಮೇಲಕ್ಕೆ ಹೋಯಿತು. ಎಸಿ ಆಫ್ ಮಾಡಿ ಹೀಟರ್ ಪೂರ್ತಿ ಹಾಕಿದರೆ ಇಂಜಿನಿನ ಬಿಸಿ ಸ್ವಲ್ಪ ಒಳಗೆ ಎಳೆದುಕೊಳ್ಳುತ್ತದೆ, ನಿಲ್ಲಿಸಲು ಜಾಗ ಸಿಗುವವರೆಗೆ ಅದು ಉಪಾಯ. ಬೆವರು ಸುರಿಸುತ್ತಾ ಬದಿಗೆ ನಿಲ್ಲಿಸಿದೆ. ಬಿಸಿ ಇರುವಾಗ ಮುಚ್ಚಳ ತೆರೆಯಬಾರದು, ಮುಖ ಬೆಂದೀತು. ಪ್ಲಾಸ್ಟಿಕ್ಕಿನ ಒಂದು ಸಣ್ಣ ಕೂಲಂಟ್ ಪೈಪು ಬಿಸಿಲಿಗೆ ಬಿಸ್ಕತ್ತಿನಂತೆ ಪುಡಿಯಾಗಿತ್ತು. ಸತ್ಹಾ ಬರಲು ಎರಡು ಗಂಟೆ. ಬಾನೆಟ್ ಎತ್ತಿ ಕಲ್ಲಿನ ಮೇಲೆ ಕೂತಿದ್ದೆ, ಎದುರಿಗೆ ಸಾಲಾಗಿ ಮಂಗಗಳು ಕೂತು ನನ್ನನ್ನೇ ನೋಡುತ್ತಿದ್ದವು. ಆಗಲೇ ಅವನ ಫೋನ್ ಬಂತು. "ಸಾರ್, ಏನಾದ್ರೂ ಅಡ್ಜಸ್ಟ್ ಆಗ್ತದಾ?"

ಹಿಂದಿನ ತಿಂಗಳು 6,200 ಹೋಗಿತ್ತು. ಈ ಪೈಪು, ನೀರಿನ ಪಂಪು ಎಲ್ಲ ಸೇರಿ 3,400 ಆಗಲಿಕ್ಕಿತ್ತು. ನಾನು ಅವನಿಗೆ ಕೊಟ್ಟದ್ದು 1,500 ರಿಯಾಲ್.

ಅಪ್ಪ ಉಳಿದರು. ಅವನ ಅಮ್ಮ ಬಳೆಗಳನ್ನು ಊರಿನ ಸೊಸೈಟಿಯಲ್ಲಿ ಇಟ್ಟರು. 2024ರ ಮಾರ್ಚಿನಲ್ಲಿ ಚೀಟಿ ಅವನ ಕೈಗೆ ಬಂದಾಗ ಬಿಡಿಸಿಕೊಂಡ.

ಗಾಡಿಯನ್ನು ಆಮೇಲೂ ಒಂದು ವರ್ಷ ಇಟ್ಟುಕೊಂಡೆ, ಇಷ್ಟು ಖರ್ಚು ಮಾಡಿದ್ದೇನಲ್ಲ ಎಂಬ ಹಟದಿಂದ. ಹೋದ ಹಣವನ್ನು ನೋಡಿ ಮುಂದಿನ ತೀರ್ಮಾನ ಮಾಡಬೇಡಿ ಎಂದು ಬೇರೆಯವರಿಗೆ ಹೇಳುವವನು ನಾನೇ. 2024ರ ಡಿಸೆಂಬರಿನಲ್ಲಿ 19,000ಕ್ಕೆ ಮಾರಿದೆ. ಪೂರ್ತಿ ಲೆಕ್ಕ ಕೇಳಿ. 22 ತಿಂಗಳು, 31,000 ಕಿಲೋಮೀಟರ್. ಕೊಂಡದ್ದಕ್ಕೂ ಮಾರಿದ್ದಕ್ಕೂ ವ್ಯತ್ಯಾಸ 19,000. ಟೈರು, ಬ್ರೇಕು, ಬ್ಯಾಟರಿ, ಎಣ್ಣೆ, ಮೇಲೆ ಹೇಳಿದ ರಿಪೇರಿಗಳು, ಸತ್ಹಾ ಎಲ್ಲ ಸೇರಿ 19,450. ಇನ್ಶೂರೆನ್ಸ್, ಇಸ್ತಿಮಾರಾ, ಫಹಸ್ 3,050. 95ರ ಪೆಟ್ರೋಲು ಲೀಟರಿಗೆ 2.33ರಂತೆ ಸುಮಾರು 10,800. ಒಟ್ಟು 52,300. ತಿಂಗಳಿಗೆ ಹತ್ತಿರ ಹತ್ತಿರ 2,380 ರಿಯಾಲ್. ಆ ಟೈಲ್ಸ್ ಹುಡುಗನ ತಿಂಗಳ ಸಂಬಳ ಇದಕ್ಕಿಂತ ಕಡಿಮೆ.

ಜುಬೈಲಿನ ಓದುಗರಿಗೆ ಬೇಡವೇ ಬೇಡ ಎಂದು ನಾನು ಹೇಳಲಿಲ್ಲ. ಕೊಳ್ಳುವ ಬೆಲೆಯ ಅರ್ಧದಷ್ಟು ನಗದು ರಿಪೇರಿಗೆಂದೇ ಬೇರೆ ಇಟ್ಟಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಊರಿಗೆ ಹೋಗುವಾಗ ಒಯ್ಯಬಹುದಲ್ಲ ಎಂದರು. ಆಗದು, ಎಡಗಡೆ ಸ್ಟೀರಿಂಗಿನ ಹಳೇ ಗಾಡಿಯನ್ನು ಭಾರತಕ್ಕೆ ಆಮದು ಮಾಡಲು ಬಿಡುವುದಿಲ್ಲ. ಊರಿಗೆ ಹೋಗಿಯೇ ಹಳೇ ದೊಡ್ಡ ಗಾಡಿ ಕೊಳ್ಳುವವರಿಗೂ ಒಂದು ಮಾತು: ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ನಿರ್ಬಂಧ ಹಾಕಿದ ಮೇಲೆ ಅಲ್ಲಿನ ಗಾಡಿಗಳು ಅಗ್ಗಕ್ಕೆ ನಮ್ಮ ಕಡೆಗೂ ಬರುತ್ತವೆ. ಎನ್‌ಒಸಿ, ಕರ್ನಾಟಕದ ತೆರಿಗೆ ಸೇರಿಸದೆ ಆ ಅಗ್ಗವನ್ನು ನಂಬಬೇಡಿ.

ಆದರೂ ನೋಡಲು ಹೋಗುವುದಾದರೆ ಬೆಳಿಗ್ಗೆ ಹೋಗಿ, ಇಂಜಿನ್ ತಣ್ಣಗಿರುವಾಗ ಎಂದೆ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಕುಸಿದ ಗಾಡಿಯೂ ಎದ್ದು ನಿಂತಿರುತ್ತದೆ. ಗಾಡಿ ಖಲೀಜಿಯೋ, ಅಮೆರಿಕದಿಂದ ಬಂದ ವಾರಿದೋ ಕೇಳಿ. ವಾರಿದ್ ಆದರೆ ಅಲ್ಲಿ ಅಪಘಾತ ಆದದ್ದೋ ಎಂದು ಚಾಸಿಸ್ ನಂಬರಿನಿಂದ ಹುಡುಕಿ. ಕಂಪ್ಯೂಟರ್ ಫಹಸ್‌ನಲ್ಲಿ ಒಂದೂ ದೋಷ ಬರಲಿಲ್ಲ ಎಂದು ಹಿಗ್ಗಬೇಡಿ, ಹಿಂದಿನ ದಿನವೇ ಅಳಿಸಿದ್ದರೆ ಹಾಗೇ ಬರುತ್ತದೆ. ಗಾಡಿಯ ಸ್ವಂತ ಪರೀಕ್ಷೆಗಳು ಪೂರ್ತಿಯಾಗಿವೆಯೋ ಎಂದು ಅದೇ ಯಂತ್ರದಲ್ಲಿ ನೋಡಲು ಹೇಳಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. 2022ರ ನವೆಂಬರ್ 24ರಂದು ಜಿದ್ದಾದಲ್ಲಿ ಎಷ್ಟು ಗಾಡಿ ಮುಳುಗಿದವು ಎಂದು ನಾವೆಲ್ಲ ನೋಡಿದ್ದೇವೆ, ಸೀಟು ತೊಳೆದರೂ ಬೆಲ್ಟಿನ ತುದಿಯಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಮತ್ತೆ, ಹಣ ಎಲ್ಲಿಯದ್ದು ಎಂದು ಕೇಳಿದೆ. "ಸ್ವಲ್ಪ ನನ್ನದು, ಸ್ವಲ್ಪ ಭಾವನದ್ದು" ಎಂದರು. ಅದಕ್ಕೆ ಈ ಚೀಟಿಯ ಕತೆ ಹೇಳಿದೆ.

ಈಗ ನನ್ನ ಹತ್ತಿರ ಇರುವುದು ಒಂದು ಜಪಾನಿ ಸಣ್ಣ ಕಾರು. ಘಾಟಿಯಲ್ಲಿ ಅದೂ ಏದುಸಿರು ಬಿಡುತ್ತದೆ, 91ರ ಪೆಟ್ರೋಲು ಕುಡಿಯುತ್ತದೆ, ಪಾರ್ಟು ಯಾವ ಅಂಗಡಿಯಲ್ಲೂ ಸಿಗುತ್ತದೆ. ಕಳೆದ ಶುಕ್ರವಾರ ಶಫಾ ಕಡೆ ಹೋದಾಗ ಟೈಲ್ಸ್ ಹುಡುಗ ಮುಂದಿನ ಸೀಟಿನಲ್ಲಿದ್ದ. ಬಳೆ ಇಟ್ಟದ್ದಕ್ಕೆ ಸೊಸೈಟಿಯಲ್ಲಿ ಬಡ್ಡಿ ಎಷ್ಟಾಗಿತ್ತು ಎಂದು ಕೇಳಿದೆ. "ಅದೆಲ್ಲ ಯಾಕೆ ಸಾರ್ ಈಗ" ಎಂದು ಕಿಟಕಿಯ ಗಾಜು ಇಳಿಸಿದ. ನಾನೇ ಅಂದಾಜು ಮಾಡಿದೆ, ಸುಮಾರು 500 ರಿಯಾಲ್. ಕೊಟ್ಟರೆ ತಗೊಳ್ಳಲಿಲ್ಲ. ರೂಮಿಗೆ ಬಂದು ಗಾಡಿಯ ಖರ್ಚಿನ ಪುಟ ತೆಗೆದು ಕೊನೆಯ ಸಾಲಿನಲ್ಲಿ ಅದನ್ನೂ ಬರೆದೆ. ಮೇಲಿನ 52,300ದಲ್ಲಿ ಅದು ಸೇರಿಲ್ಲ.

ಜುಬೈಲಿನವರು ಈ ಶುಕ್ರವಾರ ಗಾಡಿ ನೋಡಲು ಹೋಗುತ್ತೇನೆ ಎಂದಿದ್ದರು. ಇದನ್ನು ಬರೆದು ಕಳಿಸುವವರೆಗೆ ಫೋನ್ ಬಂದಿಲ್ಲ.