ಕ್ಲಬ್ ಬಾಳಿದರಷ್ಟೇ ದಂತಕಥೆಗೆ ಬಾಳು

ಚಿತ್ರದುರ್ಗ: ಕ್ರೀಡಾ ವರದಿಗಳಲ್ಲಿ ‘ದಂತಕಥೆ’ ಎಂಬ ಪದದಷ್ಟು ಸವಕಲಾದ ಪದ ಮತ್ತೊಂದಿರಲಿಕ್ಕಿಲ್ಲ. ನೂರು ಪಂದ್ಯ ಆಡಿದವರೂ ದಂತಕಥೆ, ಒಂದು ಋತುವಿನಲ್ಲಿ ಇಪ್ಪತ್ತು ಗೋಲು ಹೊಡೆದವರೂ ದಂತಕಥೆ. ನಿವೃತ್ತಿ ಘೋಷಿಸಿದ ದಿನವಂತೂ ಎಲ್ಲರೂ ದಂತಕಥೆಗಳೇ. ಆದರೆ ಫುಟ್‌ಬಾಲ್ ಲೋಕದಲ್ಲಿ ಈ ಪದಕ್ಕೆ ಇನ್ನೊಂದು ಬಿಗಿಯಾದ ಬಳಕೆಯಿದೆ. ಅದು ದೇಶದ ದಂತಕಥೆಯಲ್ಲ, ಜಗತ್ತಿನ ದಂತಕಥೆಯೂ ಅಲ್ಲ. ಒಂದು ಕ್ಲಬ್‌ನ ದಂತಕಥೆ. ಶ್ರೇಷ್ಠ ಆಟಗಾರರೆಲ್ಲರೂ ಆ ಪಟ್ಟಕ್ಕೆ ಏರುವುದಿಲ್ಲ. ಏರಿದವರೆಲ್ಲರೂ ಶ್ರೇಷ್ಠ ಆಟಗಾರರೇ ಆಗಿರಬೇಕೆಂದೂ ಇಲ್ಲ.

ಕ್ರಿಸ್ಟಿಯಾನೊ ರೊನಾಲ್ಡೊ ಒಂಬತ್ತು ಋತುಗಳಲ್ಲಿ ರಿಯಲ್ ಮ್ಯಾಡ್ರಿಡ್ ಪರ 438 ಪಂದ್ಯಗಳಿಂದ 450 ಗೋಲು ಗಳಿಸಿ 2018ರಲ್ಲಿ ಯುವೆಂಟಸ್‌ಗೆ ಹೊರಟುಹೋದರು. ಫ್ರಾನ್ಸೆಸ್ಕೊ ಟೋಟಿ 25 ಋತುಗಳ ಕಾಲ ರೋಮಾ ಬಿಟ್ಟು ಕದಲಲಿಲ್ಲ. ಗೆದ್ದ ಲೀಗ್ ಪ್ರಶಸ್ತಿ 2001ರ ಒಂದೇ ಒಂದು. ಅಂಕಿಅಂಶದ ತಕ್ಕಡಿಯಲ್ಲಿ ಇಬ್ಬರನ್ನೂ ತೂಗಿದರೆ ಉತ್ತರ ಸುಲಭ. ಆದರೆ 2017ರಲ್ಲಿ ಟೋಟಿ ಕೊನೆಯ ಪಂದ್ಯ ಆಡಿದ ದಿನ ರೋಮ್‌ನ ಕ್ರೀಡಾಂಗಣ ಅತ್ತಂತೆ ಮ್ಯಾಡ್ರಿಡ್ ಅಳಲಿಲ್ಲ.

ಕೋಟೆನಾಡಿನ ಜನರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಜಿಲ್ಲಾ ಕ್ರೀಡಾಂಗಣಕ್ಕೆ ಇರುವುದು ವೀರವನಿತೆ ಒನಕೆ ಓಬವ್ವಳ ಹೆಸರು. ಆಕೆ ಅರಸಿಯಲ್ಲ, ಕೋಟೆಯ ಕಾವಲುಗಾರನ ಮಡದಿ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿದ ಹೊತ್ತಿನಲ್ಲಿ ಅಲ್ಲಿದ್ದಳು, ಅಲ್ಲೇ ನಿಂತಳು ಎಂಬುದಕ್ಕಾಗಿ ಜನ ಆಕೆಯನ್ನು ನೆನೆಯುತ್ತಾರೆ. ಎಷ್ಟು ಜನರನ್ನು ಕೆಡವಿದಳೆಂದು ಲೆಕ್ಕ ಕೇಳಿದವರು ಕಡಿಮೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮೈದಾನಗಳಲ್ಲಿ ಸಂಜೆ ಕಾಣುವುದು ಹೆಚ್ಚಾಗಿ ಕ್ರಿಕೆಟ್, ವಾಲಿಬಾಲ್, ಕಬಡ್ಡಿ. ಇಲ್ಲಿ ಫುಟ್‌ಬಾಲ್ ಹೆಚ್ಚಿನ ಪಾಲು ಟಿ.ವಿ. ಪರದೆಯ ಆಟ. ಮೆಸ್ಸಿಯ ಹೆಸರಿನ ಅಂಗಿ ತೊಟ್ಟ ಹುಡುಗರು ಸಿಕ್ಕಾರು. ತಮ್ಮದೇ ರಾಜ್ಯದ ಕ್ಲಬ್‌ನ ನೀಲಿ ಅಂಗಿ ತೊಟ್ಟವರು ಸಿಗುವುದು ಅಪರೂಪ. ಹಾಗಿದ್ದರೂ ಕ್ಲಬ್‌ನ ದಂತಕಥೆ ಯಾರು ಎಂಬ ಪ್ರಶ್ನೆ ಈ ಊರುಗಳಿಗೂ ಸಂಬಂಧಿಸಿದ್ದೇ. ಏಕೆಂದರೆ ಕರ್ನಾಟಕದಲ್ಲಿ ಆ ಪದ ಚರ್ಚೆಗೆ ಯೋಗ್ಯವಾಗಿರುವುದೇ ಈಚೆಗೆ, ಒಬ್ಬ ಆಟಗಾರ ಮತ್ತು ಒಂದು ಕ್ಲಬ್‌ನ ಕಾರಣದಿಂದ. ಆ ಕ್ಲಬ್‌ನ ನೆಲೆಯೇ 2025ರಲ್ಲಿ ಅಲುಗಾಡಿತು.

ಬೆಂಗಳೂರಿನ ಕಾಲು, ಕೋಲ್ಕತ್ತದ ಕಥೆ

ಈಚೆಗೆ ಎಂದರೆ ಹಿಂದೆ ಆಟಗಾರರಿರಲಿಲ್ಲ ಎಂದರ್ಥವಲ್ಲ. ಬ್ರಿಟಿಷ್ ಸೇನಾ ತಂಡಗಳ ಪಾರುಪತ್ಯವಿದ್ದ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಅದು 1937ರಲ್ಲಿ, ಮರುವರ್ಷವೂ ಕಪ್ ಇಲ್ಲಿಗೇ ಬಂತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಾಗ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿ ಬರಿಗಾಲಿನಲ್ಲಿ ಆಡಿದ ಇನ್ನೊಬ್ಬ ಬೆಂಗಳೂರಿಗ ಅಹ್ಮದ್ ಖಾನ್.

ಈ ಅಹ್ಮದ್ ಖಾನ್ ಅವರದೇ ನಿಜವಾದ ಪಾಠ. 1949ರಲ್ಲಿ ಅವರು ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಮುಂಚೂಣಿಯ ಐವರನ್ನು ಜನ ‘ಪಂಚಪಾಂಡವರು’ ಎಂದು ಕರೆದರು. 1949, 1950, 1951ರಲ್ಲಿ ಸತತವಾಗಿ ಐಎಫ್‌ಎ ಶೀಲ್ಡ್ ಆ ಕ್ಲಬ್‌ನ ಪಾಲಾಯಿತು. ಐವರಲ್ಲಿ ಉಳಿದವರು ಒಬ್ಬೊಬ್ಬರಾಗಿ ಚದುರಿದ ಮೇಲೂ ಅಹ್ಮದ್ ಸುಮಾರು ಒಂದು ದಶಕ ಅಲ್ಲೇ ಆಡಿದರು. 2017ರ ಆಗಸ್ಟ್‌ನಲ್ಲಿ, 90ನೆಯ ವಯಸ್ಸಿನಲ್ಲಿ ಅವರು ಕಣ್ಣುಮುಚ್ಚಿದ್ದು ಬೆಂಗಳೂರಿನಲ್ಲೇ. ವಿಪರ್ಯಾಸವೆಂದರೆ ಆ ಹೆಸರು ಕೇಳಿದೊಡನೆ ಕಣ್ಣರಳಿಸುವವರು ಇಂದಿಗೂ ಹೆಚ್ಚು ಸಿಗುವುದು ಹೂಗ್ಲಿ ತೀರದಲ್ಲಿ, ಹುಟ್ಟೂರಿನಲ್ಲಲ್ಲ.

ಅವರೊಬ್ಬರದೇ ಕಥೆಯಲ್ಲ ಇದು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ಗೆ ಹೋದ ಕೆಂಪಯ್ಯ, 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಅರುಮೈನಾಯಗಂ ಇಬ್ಬರನ್ನೂ ಆದರಿಸಿದ್ದು ಮೋಹನ್ ಬಾಗಾನ್. 1993ರಲ್ಲಿ ಇರಾಕ್‌ನ ಅಲ್ ಜವ್ರಾ ತಂಡದ ವಿರುದ್ಧ ಕಾರ್ಲ್‌ಟನ್ ಚಾಪ್ಮನ್ ಬಾರಿಸಿದ ಹ್ಯಾಟ್ರಿಕ್ ಕೂಡ ಈಸ್ಟ್ ಬೆಂಗಾಲ್‌ನ ಲೆಕ್ಕಕ್ಕೇ ಸೇರಿತು. ಭಾರತ ತಂಡದ ನಾಯಕರಾಗಿದ್ದ ಚಾಪ್ಮನ್ 2020ರ ಅಕ್ಟೋಬರ್‌ನಲ್ಲಿ, 49ರ ಹರೆಯದಲ್ಲೇ ಬೆಂಗಳೂರಿನಲ್ಲಿ ತೀರಿಕೊಂಡರು.

ತವರಿನಲ್ಲಿ ಇವರಿಗೆ ಕಥೆಯಾಗುವ ಯೋಗ ಏಕೆ ಬರಲಿಲ್ಲ? ಬೆಂಗಳೂರಿನ ಫುಟ್‌ಬಾಲ್ ದಶಕಗಳ ಕಾಲ ಎಚ್‌ಎಎಲ್, ಐಟಿಐಯಂಥ ಉದ್ಯಮಗಳ ತಂಡಗಳನ್ನು ನೆಚ್ಚಿಕೊಂಡಿತ್ತು. ಅವು ಬಡ ಕುಟುಂಬದ ಹುಡುಗರಿಗೆ ಸಂಬಳ, ಭವಿಷ್ಯನಿಧಿ, ಮನೆಗೊಂದು ಆಸರೆ ಕೊಟ್ಟವು. ಆ ಉಪಕಾರ ಸಣ್ಣದಲ್ಲ. ಆದರೆ ಕಾರ್ಖಾನೆಯ ತಂಡಕ್ಕೆ ನೌಕರರಿರುತ್ತಾರೆ, ಅಭಿಮಾನಿಗಳ ಪೀಳಿಗೆಗಳಿರುವುದಿಲ್ಲ. ಮೊಮ್ಮಗನ ಕೈಹಿಡಿದು ಕ್ರೀಡಾಂಗಣಕ್ಕೆ ಕರೆತಂದು ‘ಇದೇ ಗೋಲುಪೆಟ್ಟಿಗೆಗೆ ಆತ ಹೊಡೆದದ್ದು’ ಎಂದು ತೋರಿಸುವ ತಾತ ಇರುವುದಿಲ್ಲ. ಆತ ಇಲ್ಲದೆಡೆ ದಂತಕಥೆ ಹುಟ್ಟುವುದಾದರೂ ಹೇಗೆ?

ಅಲೆಮಾರಿ ನೆಲೆನಿಂತ ಬಗೆ

2013ರಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ಕಟ್ಟಿದಾಗ ಸುನಿಲ್ ಚೆಟ್ರಿ ಅವರಿಗೆ 29ರ ಆಸುಪಾಸು. ಸಿಕಂದರಾಬಾದ್‌ನಲ್ಲಿ ಸೇನಾ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಕನ್ನಡಿಗರಲ್ಲ. ಹನ್ನೊಂದು ವರ್ಷಗಳಲ್ಲಿ ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕನ್ಸಾಸ್ ಸಿಟಿ, ಚಿರಾಗ್ ಯುನೈಟೆಡ್, ಮರಳಿ ಮೋಹನ್ ಬಾಗಾನ್, ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನ ಎರಡನೇ ತಂಡ, ಚರ್ಚಿಲ್ ಬ್ರದರ್ಸ್ ಎಂದು ಸುತ್ತಿದ್ದರು. ಟೋಟಿಯ ಅಳತೆಗೋಲು ಹಿಡಿದರೆ ಈ ಪಟ್ಟಿ ನೋಡಿಯೇ ಅರ್ಜಿ ತಿರಸ್ಕೃತವಾಗಬೇಕು.

ಬೆಂಗಳೂರಿನಲ್ಲಿ ಮೊದಲ ಋತುವಿನಲ್ಲೇ, 2014ರ ಏಪ್ರಿಲ್‌ನಲ್ಲಿ ಐ-ಲೀಗ್ ಪ್ರಶಸ್ತಿ ಬಂತು. ಅದು 2016ರಲ್ಲಿ ಮತ್ತೊಮ್ಮೆ ಬಂತು. ಎರಡು ಫೆಡರೇಷನ್ ಕಪ್, 2018ರ ಸೂಪರ್ ಕಪ್, 2019ರ ಮಾರ್ಚ್‌ನಲ್ಲಿ ಗೋವಾವನ್ನು ಮಣಿಸಿ ಐಎಸ್‌ಎಲ್, 2022ರಲ್ಲಿ ಡುರಾಂಡ್ ಕಪ್. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿದಾಗ ಚೆಟ್ರಿ ಎರಡು ಗೋಲು ಹೊಡೆದರು. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಸರು ಬಂತು. ಅಭಿಮಾನಿಗಳು ಇಂದಿಗೂ ಎಲ್ಲಕ್ಕಿಂತ ಮೊದಲು ಹೇಳುವುದು ಆ ಸಂಜೆಯನ್ನೇ.

ಇಷ್ಟಾದರೂ ಪ್ರಶಸ್ತಿಗಳು ಮಾತ್ರ ಚೆಟ್ರಿಯವರನ್ನು ಈ ಎತ್ತರಕ್ಕೆ ಏರಿಸಿದವೆಂದು ಹೇಳುವುದು ಕಷ್ಟ. ಗೆಲುವಿನ ಕಾಲದಲ್ಲಿ ಜತೆಗಿರುವುದು ಯಾರಿಗೂ ಭಾರವಲ್ಲ. ಬೆಂಗಳೂರು ಎಫ್‌ಸಿ 2020-21ರಲ್ಲಿ ಏಳನೇ ಸ್ಥಾನಕ್ಕೆ, 2023-24ರಲ್ಲಿ 12 ತಂಡಗಳ ಪೈಕಿ ಹತ್ತನೇ ಸ್ಥಾನಕ್ಕೆ ಕುಸಿಯಿತು. ಆ ಋತು ಮುಗಿದ ಬೆನ್ನಲ್ಲೇ, 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧದ ಪಂದ್ಯದೊಂದಿಗೆ ಚೆಟ್ರಿ ದೇಶದ ತಂಡಕ್ಕೆ ವಿದಾಯ ಹೇಳಿದರು. ಆಗ ಅವರ ಹೆಸರಿನಲ್ಲಿ 151 ಪಂದ್ಯ, 94 ಗೋಲುಗಳಿದ್ದವು. ನಲವತ್ತರ ಹೊಸ್ತಿಲಲ್ಲಿದ್ದವರು ಸೋತ ಕ್ಲಬ್ಬನ್ನೂ ಅಂದೇ ಬಿಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಬಿಡಲಿಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್, ಋತುವಿನಲ್ಲಿ ಒಟ್ಟು 14 ಗೋಲು, 2025ರ ಏಪ್ರಿಲ್‌ನಲ್ಲಿ ಗೋವಾ ವಿರುದ್ಧ ಸೆಮಿಫೈನಲ್‌ನ ಕಟ್ಟಕಡೆಯ ಕ್ಷಣದಲ್ಲಿ ತಲೆಯಿಂದ ಹೊಡೆದ ಗೋಲು. ಫೈನಲ್‌ನಲ್ಲಿ ಮೋಹನ್ ಬಾಗಾನ್‌ಗೆ 1-2ರ ಸೋಲು. ಇದರ ನಡುವೆ, ಮಾರ್ಚ್‌ನಲ್ಲಿ ದೇಶದ ತಂಡವೂ ಅವರನ್ನು ಮರಳಿ ಕರೆಯಬೇಕಾಯಿತು.

ಆಕ್ಷೇಪಕ್ಕೂ ಜಾಗವಿದೆ. 2015ರಲ್ಲಿ ಐಎಸ್‌ಎಲ್ ಹರಾಜಿನಲ್ಲಿ 1.2 ಕೋಟಿ ರೂಪಾಯಿಗೆ ಬಿಕರಿಯಾಗಿ ಚೆಟ್ರಿ ಮುಂಬೈ ಸಿಟಿ ಅಂಗಿ ತೊಟ್ಟರಲ್ಲವೇ? ನಿಜ. ಆಗ ಬೆಂಗಳೂರು ಎಫ್‌ಸಿ ಐಎಸ್‌ಎಲ್‌ನಲ್ಲಿ ಇರಲಿಲ್ಲ. ಎರಡು ಲೀಗ್‌ಗಳು ಬೇರೆ ಬೇರೆ ತಿಂಗಳುಗಳಲ್ಲಿ ನಡೆಯುತ್ತಿದ್ದುದರಿಂದ ಆಟಗಾರರು ಎರಡೂ ಕಡೆ ಆಡುತ್ತಿದ್ದರು. 2017ರಲ್ಲಿ ಕ್ಲಬ್ ಐಎಸ್‌ಎಲ್‌ಗೆ ಬಂದೊಡನೆ ಅವರೂ ಮನೆಗೆ ಬಂದರು. ಹೋದದ್ದಕ್ಕಿಂತ ಮರಳಿದ್ದನ್ನು ಅಭಿಮಾನಿ ಹೆಚ್ಚು ಕಾಲ ನೆನಪಿಡುತ್ತಾನೆ.

ಎದುರಾಳಿಯ ಸಿಟ್ಟೂ ಒಂದು ಪ್ರಮಾಣಪತ್ರವೇ. 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳದವರು ರಕ್ಷಣಾ ಗೋಡೆ ಕಟ್ಟುವ ಮೊದಲೇ ಚೆಟ್ರಿ ಫ್ರೀ ಕಿಕ್ ಒದ್ದು ಗೋಲು ಗಳಿಸಿದರು. ಕೇರಳ ತಂಡ ಮೈದಾನವನ್ನೇ ತೊರೆಯಿತು. ಕೊಚ್ಚಿಯಲ್ಲಿ ಆ ಗೋಲು ಇಂದಿಗೂ ಮೋಸ, ಬೆಂಗಳೂರಿನಲ್ಲಿ ಅದೇ ಜಾಣತನ. ದೇಶವಿಡೀ ಒಪ್ಪುವ ನಾಯಕ ಒಂದು ಕ್ಲಬ್‌ನ ಆಸ್ತಿಯಾಗುವುದು ಇಂಥ ರಾತ್ರಿಗಳಿಂದ.

ಗೋಲುಗಳೇ ಬೇಕೆಂದೂ ಇಲ್ಲ. ಇಂಗ್ಲೆಂಡಿನ ಜಾನ್ ಜಾನ್ಸನ್ 2013ರಿಂದ ಐದು ವರ್ಷ ಇದೇ ಕ್ಲಬ್‌ನ ರಕ್ಷಣಾ ವಿಭಾಗದಲ್ಲಿ ನಿಂತರು. ಪಶ್ಚಿಮ ಗ್ಯಾಲರಿಯ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅಭಿಮಾನಿಗಳ ಬಳಿ ಆ ಹೆಸರೆತ್ತಿದರೆ ಸಾಕು, ಸ್ಟ್ರೈಕರ್‌ಗಳ ಮಾತು ಹಿಂದೆ ಸರಿಯುತ್ತದೆ. ಹೆಚ್ಚು ಗೋಲು ಹೊಡೆದು ಹೆಚ್ಚು ಹಣಕ್ಕೆ ಹೋದವರ ಹೆಸರುಗಳನ್ನು ನೆನಪಿಸಿಕೊಳ್ಳಲು ಅವರಿಗೆ ಕೊಂಚ ಹೊತ್ತು ಬೇಕಾಗುತ್ತದೆ.

ಹೆದ್ದಾರಿಯ ಈಚೆ

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು 200 ಕಿ.ಮೀ. ರಾತ್ರಿ ಏಳೂವರೆಗೆ ಶುರುವಾದ ಪಂದ್ಯ ಮುಗಿಯುವುದು ಒಂಬತ್ತೂವರೆಗೆ. ಹಿರಿಯೂರಿನವರು ಹೆದ್ದಾರಿಯ ಬಸ್ ಹಿಡಿದು ಹೇಗೋ ಮನೆ ಸೇರಿಯಾರು. ಹೊಸದುರ್ಗ, ಹೊಳಲ್ಕೆರೆಯವರು ಹೆದ್ದಾರಿ ಬಿಟ್ಟು ಮತ್ತೆ ಒಳದಾರಿ ಹಿಡಿಯಬೇಕು. ಹೀಗಾಗಿ ಬೆಂಗಳೂರಿನ ಕ್ಲಬ್ ಈ ಊರುಗಳಿಗೆ ‘ನಮ್ಮದು’ ಆಗಿಲ್ಲ. ಆರ್‌ಸಿಬಿ ಹೇಗೆ ಆಯಿತೆಂದು ಕೇಳಬಹುದು. ವಿರಾಟ್ ಕೊಹ್ಲಿ 2008ರಿಂದ ಒಂದೇ ತಂಡದಲ್ಲಿದ್ದು 2025ರಲ್ಲಿ ಮೊದಲ ಪ್ರಶಸ್ತಿ ಎತ್ತಿದರು. ದೆಹಲಿಯ ಹುಡುಗ ಹಳ್ಳಿ ಹಳ್ಳಿಯ ಮನೆಮಗನಾದದ್ದು ಆ ಕಾಯುವಿಕೆಯಲ್ಲೇ. ಕಾಯುವುದೆಂದರೇನೆಂದು ಹಿರಿಯೂರಿನವರಿಗೆ ಹೇಳಿಕೊಡುವ ಅಗತ್ಯವೂ ಇಲ್ಲ: 1933ರಲ್ಲಿ ಕೋಡಿ ಹರಿದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಹರಿದದ್ದು 2022ರಲ್ಲಿ.

ಆದರೆ ಕಾಯಲು ಎದುರಿಗೊಂದು ವಸ್ತು ಇರಬೇಕು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಆರಂಭವಾದ ಶಿವಸಂಚಾರ ವರ್ಷ ವರ್ಷವೂ ನಾಟಕಗಳನ್ನು ಹೊತ್ತು ನಾಡು ಸುತ್ತಿತು. ಕಲಾವಿದರು ಬದಲಾದರು, ತಂಡ ಉಳಿಯಿತು. ಉಳಿದುದರಿಂದಲೇ ಪ್ರೇಕ್ಷಕರು ಹಳೆಯ ಕಲಾವಿದರನ್ನೂ ನೆನೆಯುತ್ತಾರೆ. ಫುಟ್‌ಬಾಲ್ ಕ್ಲಬ್ ಮಾಡಬೇಕಾದುದೂ ಇಷ್ಟೇ.

ಬೆಂಗಳೂರು ಎಫ್‌ಸಿಯ ಬುಡ ಎಷ್ಟು ಆಳವಾಗಿದೆ ಎಂಬ ಪರೀಕ್ಷೆ ಎದುರಾದದ್ದು ಈ ಹಂತದಲ್ಲೇ. ಲೀಗ್ ನಡೆಸುತ್ತಿದ್ದ ಎಫ್‌ಎಸ್‌ಡಿಎಲ್ ಮತ್ತು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ನಡುವಿನ ಒಪ್ಪಂದದ ಅವಧಿ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ನವೀಕರಣವಾಗದ ಕಾರಣ ಜುಲೈನಲ್ಲಿ ಐಎಸ್‌ಎಲ್ಲನ್ನು ತಡೆಹಿಡಿಯಲಾಯಿತು. ಸೆಪ್ಟೆಂಬರ್ ಹೊತ್ತಿಗೆ ಶುರುವಾಗಬೇಕಿದ್ದ ಋತು ಆ ವರ್ಷ ಶುರುವಾಗಲೇ ಇಲ್ಲ. ಆಗಸ್ಟ್ ಮೊದಲ ವಾರದಲ್ಲಿ, ಚೆಟ್ರಿಯವರಿಗೆ 41 ತುಂಬಿದ ಆಸುಪಾಸಿನಲ್ಲಿ, ಮೊದಲ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಬೆಂಗಳೂರು ಎಫ್‌ಸಿ ಪ್ರಕಟಿಸಿತು. ಹನ್ನೆರಡು ವರ್ಷಗಳಲ್ಲಿ ಏಳು ಪ್ರಮುಖ ಪ್ರಶಸ್ತಿ ಗೆದ್ದ ಕ್ಲಬ್‌ನ ಸ್ಥಿತಿಯೇ ಹೀಗಾದರೆ ಉಳಿದವುಗಳ ಪಾಡೇನು? ಮಾಲೀಕರ ಔದಾರ್ಯವೊಂದನ್ನೇ ಆಧರಿಸಿದ ಕ್ಲಬ್‌ಗೂ ಹಿಂದಿನ ಕಾರ್ಖಾನೆ ತಂಡಗಳಿಗೂ ಇರುವ ಅಂತರ ಕೆಲವರು ಭಾವಿಸಿದಷ್ಟು ದೊಡ್ಡದಲ್ಲ. ಐಎಸ್‌ಎಲ್ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರನ ಹೆಸರೂ ಮುಂದೊಂದು ದಿನ ಅಹ್ಮದ್ ಖಾನ್ ಅವರ ಹೆಸರಿನಂತೆ ಇಲ್ಲಿ ಮಸುಕಾಗದೆಂದು ಭರವಸೆ ಕೊಡುವವರು ಯಾರು?

ಅದೇ ಪ್ರಕಟಣೆಯಲ್ಲಿ, ಕಿರಿಯರ ತಂಡಗಳು ಮತ್ತು ಮಕ್ಕಳ ಸಾಕರ್ ಶಾಲೆಗಳ ಕೆಲಸಕ್ಕೆ ಅಡ್ಡಿಯಾಗದು ಎಂಬ ಸಾಲೂ ಇತ್ತು. ಚಿತ್ರದುರ್ಗದಂಥ ಜಿಲ್ಲೆಗೆ ಮುಖ್ಯವಾದದ್ದು ಈ ಸಾಲೇ. ಜೆಎಸ್‌ಡಬ್ಲ್ಯು ಸಮೂಹ 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇರುವುದು ನೆರೆಯ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ. ಕ್ಲಬ್‌ನ ಕಿರಿಯ ಆಟಗಾರರು ಅಲ್ಲಿ ತರಬೇತಿ ಪಡೆದಿದ್ದಾರೆ. ಕೋಟೆನಾಡಿನಿಂದ ಅದು ಕಂಠೀರವಕ್ಕಿಂತ ಹತ್ತಿರ. ಆಯ್ಕೆಗಾರರು ಚಳ್ಳಕೆರೆ, ಹಿರಿಯೂರಿನ ಶಾಲಾ ಮೈದಾನಗಳತ್ತ ಒಮ್ಮೆ ಬರಲು, ಜಿಲ್ಲಾಡಳಿತ ಮತ್ತು ಕ್ರೀಡಾ ಇಲಾಖೆ ಅವರನ್ನು ಕರೆಸಲು ಹೊಸ ಹೆದ್ದಾರಿಯೇನೂ ಬೇಕಾಗಿಲ್ಲ.