ಅಳೆದು ಗೆದ್ದ ಓಟಗಾರ

ಭೌತಶಾಸ್ತ್ರದ ಪುಸ್ತಕದಲ್ಲಿ ವೃತ್ತೀಯ ಚಲನೆಯ ಪಾಠ ಇರುತ್ತದೆ. ದಾರಕ್ಕೆ ಕಲ್ಲು ಕಟ್ಟಿ ತಿರುಗಿಸುವ ಚಿತ್ರ, ಅದರ ಕೆಳಗೊಂದು ಸೂತ್ರ. ಪರೀಕ್ಷೆಗೆಂದು ಉರು ಹೊಡೆದು ಆಮೇಲೆ ಮರೆಯುವವರೇ ಹೆಚ್ಚು. ಅದೇ ಸೂತ್ರವನ್ನು ನೆಚ್ಚಿಕೊಂಡು ಕಾರು ಪಂದ್ಯಗಳನ್ನು ಗೆದ್ದವನೊಬ್ಬ ಅಮೆರಿಕದಲ್ಲಿದ್ದ. ಅವನ ಹೆಸರು ಮಾರ್ಕ್ ಡೊನಹ್ಯೂ.

ಡೊನಹ್ಯೂ ಹುಟ್ಟಿದ್ದು 1937ರಲ್ಲಿ, ನ್ಯೂಜೆರ್ಸಿ ರಾಜ್ಯದಲ್ಲಿ. 1959ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ. ಕಾರು ಓಡಿಸುವ ಹುಚ್ಚು ಆಗಲೇ ಹಿಡಿದಿತ್ತು. ಆದರೆ ಹುಚ್ಚಿಗಾಗಿ ಓದನ್ನು ಬಿಡಲಿಲ್ಲ, ಓದಿದ್ದನ್ನೇ ಹುಚ್ಚಿಗೆ ದುಡಿಸಿಕೊಂಡ. 1966ರಲ್ಲಿ ರೋಜರ್ ಪೆನ್ಸ್ಕಿಯ ತಂಡ ಸೇರಿದ. ಅಲ್ಲಿ ಕಾರು ಓಡಿಸುವವನೂ ಅವನೇ, ಅದನ್ನು ತಿದ್ದುವ ಎಂಜಿನಿಯರನೂ ಅವನೇ.

ಬೇರೆಯವರು ಕಾರನ್ನು ಓಡಿಸಿ ನೋಡಿ, "ತಿರುವಿನಲ್ಲಿ ಚೆನ್ನಾಗಿದೆ" ಅಥವಾ "ಚೆನ್ನಾಗಿಲ್ಲ" ಎಂದು ಹೇಳುತ್ತಿದ್ದರು. ಡೊನಹ್ಯೂಗೆ ಆ ಮಾತು ಸಾಲದಾಯಿತು. ಸಮತಟ್ಟಾದ ಜಾಗದಲ್ಲಿ ದೊಡ್ಡ ವೃತ್ತ ಗುರುತಿಸಿ, ಅದರ ಗೆರೆ ತಪ್ಪದಂತೆ ಕಾರನ್ನು ಸುತ್ತಿಸುತ್ತಿದ್ದ. ಟೈರು ಜಾರುವ ಮೊದಲು ಎಷ್ಟು ವೇಗ ಸಾಧ್ಯ ಎಂಬುದನ್ನು ಗಡಿಯಾರದಿಂದ ಅಳೆಯುತ್ತಿದ್ದ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಕೇಂದ್ರಾಭಿಮುಖ ವೇಗೋತ್ಕರ್ಷ ಸಿಗುತ್ತದಲ್ಲವೇ? ಉದಾಹರಣೆಗೆ 30 ಮೀಟರ್ ತ್ರಿಜ್ಯದ ವೃತ್ತದಲ್ಲಿ ಕಾರಿನ ವೇಗ ಸೆಕೆಂಡಿಗೆ 15 ಮೀಟರಿನಿಂದ 17 ಮೀಟರಿಗೆ ಏರಿತೆನ್ನಿ. ಹೆಚ್ಚಿದ್ದು ಎರಡೇ ಮೀಟರ್. ಆದರೆ ಟೈರಿನ ಘರ್ಷಣೆ ಒದಗಿಸಬೇಕಾದ ಬಲ ಕಾಲು ಪಾಲಿಗಿಂತ ಹೆಚ್ಚು ಏರುತ್ತದೆ.

ಒಮ್ಮೆಗೆ ಒಂದನ್ನು ಬದಲಿಸುವುದು, ಮತ್ತೆ ಅಳೆಯುವುದು, ಬರೆದಿಡುವುದು: ಇದೇ ಅವನ ಕ್ರಮ. ಸ್ಪ್ರಿಂಗ್ ಬದಲಿಸಿದ ದಿನ ಟೈರನ್ನೂ ಬದಲಿಸಿದರೆ ಲಾಭ ಯಾವುದರಿಂದ ಬಂತೆಂದು ತಿಳಿಯುವುದು ಹೇಗೆ? ಶಾಲೆಯ ಪ್ರಯೋಗಾಲಯದ ಮೊದಲ ಪಾಠವೂ ಇದೇ.

ಫಲ ಕೈಸೇರಿತು. ಟ್ರಾನ್ಸ್-ಆ್ಯಮ್ ಸರಣಿಯನ್ನು 1968, 1969 ಮತ್ತು 1971ರಲ್ಲಿ ಗೆದ್ದ. 1969ರಲ್ಲಿ ಚಕ್ ಪಾರ್ಸನ್ಸ್ ಜೊತೆಗೂಡಿ ಡೇಟೋನಾದ 24 ಗಂಟೆಗಳ ಪಂದ್ಯ ಗೆದ್ದ. 1972ರಲ್ಲಿ ಇಂಡಿಯಾನಾಪೊಲಿಸ್‌ನ 500 ಮೈಲಿ ಪಂದ್ಯವನ್ನು ಗಂಟೆಗೆ ಸರಾಸರಿ 162.962 ಮೈಲಿ, ಅಂದರೆ ಸುಮಾರು 262 ಕಿಲೋಮೀಟರ್ ವೇಗದಲ್ಲಿ ಗೆದ್ದ.

ಸ್ಟಾಕ್ ಕಾರ್ ಎಂದರೆ ನೋಟಕ್ಕೆ ಅಂಗಡಿಯಲ್ಲಿ ಮಾರುವ ಕಾರಿನಂತೆಯೇ ಇರುವ ಪಂದ್ಯದ ಕಾರು. ಈ ಪಂದ್ಯಗಳು ಹೆಚ್ಚಾಗಿ ಅಂಡಾಕಾರದ ಪಥದಲ್ಲಿ, ಎಡಕ್ಕೆ ಮಾತ್ರ ತಿರುಗುತ್ತಾ ನಡೆಯುತ್ತವೆ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಹಾಗಿರಲಿಲ್ಲ. ಅಲ್ಲಿ ಎಡ, ಬಲ ಎರಡೂ ಕಡೆ ತಿರುವುಗಳು, ಪದೇ ಪದೇ ಬ್ರೇಕ್ ಹಾಕಬೇಕು. ಡ್ರಮ್ ಬ್ರೇಕ್ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಗಾಳಿಗೆ ತೆರೆದಿರುವ ಡಿಸ್ಕ್ ಬೇಗ ತಣ್ಣಗಾಗುತ್ತದೆ. 1973ರ ಜನವರಿಯಲ್ಲಿ ಡೊನಹ್ಯೂ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಇದ್ದ ಮ್ಯಾಟಡೋರ್ ಕಾರಿನಲ್ಲಿ ಅಲ್ಲಿ ಗೆದ್ದ. ನಾಸ್ಕಾರ್‌ನ ಪ್ರಮುಖ ಸರಣಿಯಲ್ಲಿ ಅದೊಂದೇ ಅವನ ಗೆಲುವು.

ದಾರಿಯೇನೂ ಹೂವಿನ ಹಾಸಿಗೆಯಾಗಿರಲಿಲ್ಲ. 1972ರಲ್ಲಿ ಪೋರ್ಷೆ ಕಂಪನಿಯ ಟರ್ಬೊ ಕಾರಿನ ಕೆಲಸ ಹಿಡಿದ. ಹೊರಹೋಗುವ ಹೊಗೆಯಿಂದಲೇ ಚಕ್ರ ತಿರುಗಿಸಿ, ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವುದು ಟರ್ಬೊ. ಕಾಲು ಒತ್ತಿದ ಸ್ವಲ್ಪ ಹೊತ್ತಿನ ಮೇಲೆ ಶಕ್ತಿ ಒಮ್ಮೆಲೇ ನುಗ್ಗುತ್ತಿತ್ತು. ಅದನ್ನು ಪಳಗಿಸಲು ಜರ್ಮನ್ ಎಂಜಿನಿಯರುಗಳೊಂದಿಗೆ ದುಡಿದ. ಅಷ್ಟರಲ್ಲಿ ಅಟ್ಲಾಂಟಾ ಬಳಿಯ ಪಥದಲ್ಲಿ ಪರೀಕ್ಷೆ ನಡೆಸುವಾಗ ಕಾರಿನ ಹಿಂದಿನ ಹೊದಿಕೆ ಹಾರಿಹೋಗಿ ಅಪಘಾತವಾಯಿತು, ಮೊಣಕಾಲಿಗೆ ತೀವ್ರ ಪೆಟ್ಟು ಬಿತ್ತು. ಅವನು ಪಳಗಿಸಿದ ಕಾರಿನಲ್ಲಿ ಆ ವರ್ಷದ ಕ್ಯಾನ್-ಆ್ಯಮ್ ಪ್ರಶಸ್ತಿ ಗೆದ್ದವನು ಜಾರ್ಜ್ ಫಾಲ್ಮರ್. ಡೊನಹ್ಯೂ ಮರುವರ್ಷ ಸುಮಾರು 1100 ಅಶ್ವಶಕ್ತಿಯ ಪೋರ್ಷೆ 917/30ರೊಂದಿಗೆ ಬಂದು ಎಂಟರಲ್ಲಿ ಆರು ಪಂದ್ಯ ಗೆದ್ದ.

ಹಾಗಿದ್ದರೂ ಯಂತ್ರದ್ದೇ ಗೆಲುವು, ಚಾಲಕನದಲ್ಲ ಎನ್ನಬಹುದು. ಅದಕ್ಕೂ ಉತ್ತರ ಸಿಕ್ಕಿತು. 1973-74ರಲ್ಲಿ ಎಲ್ಲರಿಗೂ ಒಂದೇ ಬಗೆಯ ಪೋರ್ಷೆ ಕಾರು ಕೊಟ್ಟು, ಹೆಸರಾಂತ ಚಾಲಕರ ನಡುವೆ ಐರಾಕ್ ಎಂಬ ಪಂದ್ಯ ಏರ್ಪಡಿಸಿದರು. ಅಲ್ಲೂ ಗೆದ್ದವನು ಡೊನಹ್ಯೂ.

ಅವನ ಬದುಕಿನಲ್ಲಿ ಅನುಕರಿಸಬಾರದ ಸಂಗತಿಯೂ ಉಂಟು. ತೂಕ ಇಳಿಸಲು ಅವನ ತಂಡ ಕಾರಿನ ಕವಚವನ್ನು ಆಮ್ಲದಲ್ಲಿ ಅದ್ದಿ ತೆಳುಗೊಳಿಸಿತ್ತು. ನಿಯಮದ ಅಂಚಿನಲ್ಲಿ ನಡೆದರೆ ಒಂದು ಹೆಜ್ಜೆ ಆಚೆ ಬೀಳುವುದು ಸುಲಭ. 1975ರಲ್ಲಿ ಬಂದ ಅವನ ಪುಸ್ತಕದ ಹೆಸರೇ ‘ದಿ ಅನ್‌ಫೇರ್ ಅಡ್ವಾಂಟೇಜ್’.

ಐರಾಕ್ ನಂತರ ನಿವೃತ್ತಿ ಘೋಷಿಸಿದ್ದವನು 1974ರಲ್ಲೇ ಪೆನ್ಸ್ಕಿ ತಂಡದ ಫಾರ್ಮುಲಾ ಒನ್ ಕಾರಿಗಾಗಿ ಮರಳಿದ. 1975ರ ಆಗಸ್ಟ್ 9ರಂದು ಟಾಲಡೇಗಾ ಪಥದಲ್ಲಿ 917/30 ಓಡಿಸಿ ಗಂಟೆಗೆ 221.120 ಮೈಲಿ ವೇಗದ ದಾಖಲೆ ಮಾಡಿದ. ಎಂಟು ದಿನಗಳ ನಂತರ ಆಸ್ಟ್ರಿಯಾದಲ್ಲಿ ಅಭ್ಯಾಸದ ವೇಳೆ ಟೈರು ಕೈಕೊಟ್ಟು ಕಾರು ಬೇಲಿ ಮುರಿದು ಹೊರಗೆ ಹಾರಿತು. ಪಥದ ಪಕ್ಕದಲ್ಲಿ ಕರ್ತವ್ಯದಲ್ಲಿದ್ದ ಒಬ್ಬ ಸಿಬ್ಬಂದಿ ಸತ್ತ. ಡೊನಹ್ಯೂಗೆ ಹೊರನೋಟಕ್ಕೆ ಭಾರೀ ಗಾಯವೇನೂ ಕಾಣಲಿಲ್ಲ. ಆದರೆ ತಲೆನೋವು ಹೆಚ್ಚುತ್ತಾ ಹೋಯಿತು, ಎಚ್ಚರ ತಪ್ಪಿತು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಆಗಸ್ಟ್ 19ರಂದು ಗ್ರಾಜ್ ನಗರದ ಆಸ್ಪತ್ರೆಯಲ್ಲಿ ತೀರಿಕೊಂಡ. ವಯಸ್ಸು 38.

ಕಣ್ಣಂದಾಜನ್ನು ನಂಬದೆ ಎಲ್ಲವನ್ನೂ ಅಳೆದವನ ಕೊನೆಯಲ್ಲಿ ಕಣ್ಣಿಗೆ ಕಾಣದ ಪೆಟ್ಟು ಇತ್ತು. ತಲೆಬುರುಡೆಯೊಳಗೆ ರಕ್ತ ಸೋರಿದರೆ ಅದಕ್ಕೆ ಹರಡಲು ಜಾಗವಿಲ್ಲ, ಮಿದುಳನ್ನೇ ಒತ್ತುತ್ತದೆ. ಇದಕ್ಕೆ ಗಂಟೆಗಳೇ ಹಿಡಿಯಬಹುದು. ಸೈಕಲ್ಲಿನಿಂದಲೋ ಸ್ಕೂಟರಿನಿಂದಲೋ ಬಿದ್ದ ಮಗು ಎದ್ದು ನಿಂತು ಮಾತಾಡಿತೆಂದ ಮಾತ್ರಕ್ಕೆ ಪಾಲಕರು ನಿರಾಳವಾಗಬಾರದು. ತಲೆನೋವು ಹೆಚ್ಚುವುದು, ವಾಂತಿ, ಅತಿಯಾದ ಮಂಪರು, ತೊದಲು ಮಾತು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಮಕ್ಕಳೂ ಬೈಗುಳಕ್ಕೆ ಹೆದರಿ ಬಿದ್ದದ್ದನ್ನು ಮುಚ್ಚಿಡಬಾರದು.

ಡೊನಹ್ಯೂ ತೀರಿಕೊಂಡಾಗ ಅವನ ಮಗ ಡೇವಿಡ್ ಚಿಕ್ಕ ಹುಡುಗ. ಮುಂದೆ ಅವನೂ ಓಟಗಾರನಾದ. ತಂದೆ ಗೆದ್ದ 40 ವರ್ಷಗಳ ನಂತರ, 2009ರಲ್ಲಿ, ಡೇಟೋನಾದ ಅದೇ 24 ಗಂಟೆಗಳ ಪಂದ್ಯವನ್ನು ಅವನ ತಂಡ ಗೆದ್ದಿತು. ಗೆಲುವಿನ ಅಂತರ ಒಂದು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಕಡಿಮೆ.