ಕೋಳಿಯ ರಕ್ತಭೇದಿಗೆ ಪ್ರೋಬಯಾಟಿಕ್ ಪುಡಿ ಸಾಕಾ?

ನಮ್ಮ ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿ ಅಂದ್ರೆ ಮುಗಿಲು ನೋಡ್ಕೊಂಡು ಬದುಕೋ ಸೀಮೆ. ಶೇಂಗಾ ನಂಬಿ ಸಾಕಾಗಿ, ಸಾಲ ಮಾಡಿ ಬ್ರಾಯ್ಲರ್ ಶೆಡ್ ಹಾಕಿದವನಿಗೆ ಒಂದು ಬ್ಯಾಚ್ ಕೈಕೊಟ್ಟರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಮೂರು ವಾರದ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡು ಅಂಗಡಿಗೆ ಓಡಿದರೆ, ಈಗ ಕೈಗಿಡೋದು ಪ್ರೋಬಯಾಟಿಕ್ ಪುಡಿ. "ಒಳ್ಳೆ ಬ್ಯಾಕ್ಟೀರಿಯಾ, ತೊಂದರೆ ಇಲ್ಲ" ಅನ್ನೋ ಮಾತು ಬೇರೆ. ತೊಂದರೆ ಇಲ್ಲ ನಿಜ, ಆದರೆ ಆ ಹೊತ್ತಿಗೆ ಪ್ರಯೋಜನವೂ ಇಲ್ಲ ಅನ್ನೋದು ನನ್ನ ವಾದ.

ಈ ಕಾಯಿಲೆ (ಕಾಕ್ಸಿಡಿಯೋಸಿಸ್) ತರೋದು ಐಮೀರಿಯಾ ಅನ್ನೋ ಏಕಕೋಶ ಪರಾವಲಂಬಿ. ಅದು ಕರುಳಿನ ಗೋಡೆಯ ಜೀವಕೋಶದ ಒಳಗೇ ಹೊಕ್ಕು, ಬೆಳೆದು, ಅದನ್ನ ಒಡೆದು ಹೊರಬರುತ್ತೆ. ರಕ್ತ ಕಾಣೋ ಹೊತ್ತಿಗೆ ಗೋಡೆ ಆಗಲೇ ಒಡೆದಿರುತ್ತೆ. ಮೊಸರಿನ ಜಾತಿಯ ಲ್ಯಾಕ್ಟೋಬ್ಯಾಸಿಲಸ್ ಅಲ್ಲಿಗೆ ಹೋಗಿ ಅದನ್ನ ಓಡಿಸಲ್ಲ. ಆಗ ಬೇಕಿರೋದು ವೈದ್ಯರು ಹೇಳಿದ ಪ್ರಮಾಣದಲ್ಲಿ ನೀರಿಗೆ ಆಂಪ್ರೋಲಿಯಂನಂಥ ಔಷಧಿ. ಅದು ಬಿ-1 ವಿಟಮಿನ್ನಿನ ವೇಷ ಹಾಕಿ ಪರಾವಲಂಬಿಯನ್ನ ಉಪವಾಸ ಕೆಡವುತ್ತೆ. (ಪಾಪ, ಕೋಳಿ ಸೊರಗಿದೆ ಅಂತ ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಟಾನಿಕ್ ಸುರಿಯೋರಿದ್ದಾರೆ. ಔಷಧಿ ಕೆಲಸ ಕೆಡೋದು ಅಲ್ಲೇ!)

ಹಾಗಂತ ಪ್ರೋಬಯಾಟಿಕ್ ಮೋಸ ಅಲ್ಲ. 1973ರಲ್ಲಿ ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲ ದೊಡ್ಡ ಕೋಳಿಯ ಕರುಳಿನ ಬ್ಯಾಕ್ಟೀರಿಯಾವನ್ನ ಎಳೆಮರಿಗೆ ಕೊಟ್ಟು, ಸಾಲ್ಮೊನೆಲ್ಲಾ ನೆಲೆಯೂರದಂತೆ ತಡೆಯಬಹುದು ಅಂತ ತೋರಿಸಿದ್ದರು. ಹ್ಯಾಚರಿ ಮರಿ ತಾಯಿಯ ಮುಖವನ್ನೇ ನೋಡಿರಲ್ಲ, ಅದರ ಕರುಳು ಖಾಲಿ ಸೈಟು ಇದ್ದಂಗೆ. ಮೊದಲ ದಿನದಿಂದಲೇ ಕೊಟ್ಟರೆ ಒಳ್ಳೇದು ಮೊದಲು ಬೇರುಬಿಡುತ್ತೆ. ಕಾಕ್ಸಿಡಿಯೋಸಿಸ್ ಪ್ರಯೋಗಗಳಲ್ಲೂ ಕೆಲವು ತಳಿಗಳು ಕರುಳಿನ ಗಾಯ ಕಮ್ಮಿ ಮಾಡಿವೆ, ಎಲ್ಲಾ ತಳಿಗಳೂ ಅಲ್ಲ. ಅದಕ್ಕೇ ಡಬ್ಬಿ ಮೇಲೆ ತಳಿಯ ಹೆಸರು, ಜೀವಂತ ಸಂಖ್ಯೆ, ಕೊನೆ ದಿನಾಂಕ ನೋಡಬೇಕು. ಬೇಸಿಗೆಯಲ್ಲಿ ತಗಡಿನ ಅಂಗಡಿಯಲ್ಲಿ ಬೆಂದ ಲ್ಯಾಕ್ಟೋಬ್ಯಾಸಿಲಸ್ ಎಷ್ಟು ಬದುಕಿದ್ದೀತು? ಬ್ಯಾಸಿಲಸ್ ಸಬ್ಟಿಲಿಸ್ ಬೀಜಾಣು ಕಟ್ಟುತ್ತೆ, ಕಾವು ತಡೆಯುತ್ತೆ. ಇನ್ನು ಆಂಟಿಬಯಾಟಿಕ್ ಜೊತೆಗೇ ಇದನ್ನೂ ಕೊಡೋದು ಬಿತ್ತಿದ ದಿನವೇ ಕಳೆನಾಶಕ ಹೊಡೆದ ಹಾಗೆ.

ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ. ಹಿಕ್ಕೆಯಲ್ಲಿ ಬಿದ್ದ ಐಮೀರಿಯಾ ಮೊಟ್ಟೆ ಕೂಡಲೇ ರೋಗ ಹರಡಲ್ಲ, ಒಂದೆರಡು ದಿನ ಕಾವು, ಗಾಳಿ, ತೇವ ಬೇಕು. ನಮ್ಮ ಒಣಗಾಳಿ ಸೀಮೆಗೆ ಇದು ಪುಕ್ಕಟೆ ರಕ್ಷಣೆ. ನಾವೋ, ಸೋರೋ ನಿಪ್ಪಲ್ ಕೆಳಗೆ ಶೇಂಗಾ ಸಿಪ್ಪೆ ಮುದ್ದೆಯಾಗಿದ್ದರೂ ಬಿಟ್ಟು, ಪುಡಿ ಹುಡುಕ್ತೀವಿ.

ಕಂಪನಿ ಜೊತೆ ಒಪ್ಪಂದದಲ್ಲಿ ಸಾಕೋರು ಇನ್ನೊಂದು ಕೇಳಬೇಕು: ಫೀಡಲ್ಲಿ ಸ್ಯಾಲಿನೋಮೈಸಿನ್, ಮೊನೆನ್ಸಿನ್ ಥರದ್ದು ಇದೆಯಾ, ಎಷ್ಟಿದೆ? ಮರಿ, ಫೀಡು, ಔಷಧಿ ಎಲ್ಲಾ ಅವರದ್ದೇ, ಸತ್ತರೆ ಲೆಕ್ಕದಲ್ಲಿ ಕಡಿತ ಮಾತ್ರ ನಮ್ಮದು. ಕೇಳೋ ಹಕ್ಕಿಲ್ವಾ? ಅವರು ಹೇಳದಿದ್ದರೂ, ಆಗತಾನೆ ಸತ್ತ ಎರಡು ಕೋಳಿ ಪಶು ಆಸ್ಪತ್ರೆಗೆ ಒಯ್ದು ಕೊಯ್ಸಿ ನೋಡಿ. ಕುರುಡುಗರುಳಲ್ಲಿ ರಕ್ತ ತುಂಬಿದ್ದರೆ ಯಾವ ಡಬ್ಬಿ ತರಬೇಕು ಅನ್ನೋದನ್ನ ಅಂಗಡಿಯವನು ಹೇಳಬೇಕಾಗಿಲ್ಲ.